ಮುಖವಾಡ ಇಲ್ಲದೆ ಕಾಗೆ ಹಿಡಿದವನು

ಕಾಗೆಗಳಿಗೂ ನನಗೂ ಹಳೇ ಜಗಳ. ಶುರುವಾಗಿದ್ದು 2008ರ ಬೇಸಿಗೆ ರಜದಲ್ಲಿ, ತಿಪಟೂರಿನ ಹತ್ತಿರದ ಅಜ್ಜಿಮನೆಯಲ್ಲಿ. ನನಗಾಗ 11 ವರ್ಷ. ರಾತ್ರಿಯೆಲ್ಲ ಗಾಳಿಮಳೆ ಹೊಡೆದು, ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ಹೊಂಗೆ ಮರದ ಕೆಳಗೆ ಒಂದು ಕಾಗೆಮರಿ. ರೆಕ್ಕೆ ಅರ್ಧ ಬಲಿತಿತ್ತು. ಬಾಯಿ ತೆರೆದರೆ ಒಳಗೆಲ್ಲ ಕೆಂಪು. ಸಾಕೋಣ ಅಂತ ಎರಡೂ ಕೈಯಲ್ಲಿ ಎತ್ತಿಕೊಂಡೆ, ಅಷ್ಟೇ. ಎಲ್ಲಿದ್ದವೋ ಏನೋ, ಹತ್ತಿಪ್ಪತ್ತು ಕಾಗೆಗಳು ಒಟ್ಟಿಗೆ ಬಂದು ತಲೆಯ ಮೇಲೆ ಎರಗಿದವು. ಮರಿ ಸಮೇತ ಒಳಗೆ ಓಡಿದೆ. ಕಾಗೆ ತಲೆ ಮುಟ್ಟಿತು ಅಂತ ಅಜ್ಜಿ ನನಗೆ ತಣ್ಣೀರು ಸ್ನಾನ ಮಾಡಿಸಿ, ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಿದಳು.

ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟು ಅನ್ನ, ಬಾಳೆಹಣ್ಣು ತಿನ್ನಿಸಿದೆ. ಮೂರನೇ ದಿನ ಸತ್ತುಹೋಯಿತು. ಹೂಳೋಕೆ ಅಂತ ಕಾಲು ಹಿಡಿದುಕೊಂಡು ಹಿತ್ತಲಿಗೆ ಹೋದೆನಲ್ಲ, ಅದು ದೊಡ್ಡ ತಪ್ಪು. ಕಾಗೆಗಳು ಪೂರ್ತಿ ನೋಡಿದವು. ಆಮೇಲೆ ಆ ರಜ ಮುಗಿಯುವವರೆಗೂ ಮಾವನ ಮಕ್ಕಳೆಲ್ಲ ಆರಾಮಾಗಿ ಆಡಿಕೊಂಡಿದ್ದರೆ, ನಾನೊಬ್ಬ ಮಾತ್ರ ಕೊಡೆ ಹಿಡಿದು ಬಚ್ಚಲಿಗೆ ಹೋಗಬೇಕಾಗಿತ್ತು :) ಅಜ್ಜಿ ದಿನಾ ಮಧ್ಯಾಹ್ನ ಹಿತ್ತಲ ಗೋಡೆಯ ಮೇಲೆ ಕಾಗೆಗೆ ಅನ್ನ ಇಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದರೆ ಒಂದೂ ಕೆಳಗಿಳಿಯುತ್ತಿರಲಿಲ್ಲ. "ನೀನು ಒಳಗೆ ಹೋಗೋ ಮಗಾ, ಪಾಪ ಅವು ಉಣ್ಣಲಿ" ಅನ್ನುತ್ತಿದ್ದಳು. ಮುಂದಿನ ವರ್ಷದ ರಜದಲ್ಲೂ ಅದೇ ಕಥೆ. ನನ್ನದೇ ಭ್ರಮೆ ಅಂತ ಎಲ್ಲರೂ ನಕ್ಕರು.

ಭ್ರಮೆ ಅಲ್ಲ ಅಂತ ನನಗೆ ಹೇಳಿದ್ದು, ಇಂಜಿನಿಯರಿಂಗ್ ಓದುವಾಗ ಅವೆನ್ಯೂ ರೋಡಿನಲ್ಲಿ ಸಿಕ್ಕಿದ ಒಂದು ಹಳೇ ಪುಸ್ತಕ. 'ಕಿಂಗ್ ಸಾಲಮನ್ಸ್ ರಿಂಗ್'. ಬರೆದವರು ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್, ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ 1973ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು. (1938ರಲ್ಲಿ ನಾಜಿ ಪಕ್ಷ ಸೇರಿದ್ದ ಮನುಷ್ಯ ಕೂಡ ಇವರೇ. ಹಕ್ಕಿ ಅರ್ಥವಾದವರಿಗೆಲ್ಲ ಮನುಷ್ಯರು ಅರ್ಥವಾಗಬೇಕು ಅಂತೇನಿಲ್ಲವಲ್ಲ.)

ಲೊರೆಂಜ್ ಸಾಕಿದ್ದು ಜಾಕ್‌ಡಾ ಅನ್ನುವ ಹಕ್ಕಿಗಳನ್ನು. ಕಾಗೆಯ ಕುಲವೇ, ಆದರೆ ಗಾತ್ರದಲ್ಲಿ ಚಿಕ್ಕದು, ಕತ್ತು ಬೂದು, ಕಣ್ಣು ಬಿಳಿಚು. ನಮ್ಮ ದೇಶದಲ್ಲಿ ನೋಡಬೇಕೆಂದರೆ ಕಾಶ್ಮೀರದ ಕಡೆ ಹೋಗಬೇಕು. ವಿಯೆನ್ನಾ ಹತ್ತಿರ, ಡಾನ್ಯೂಬ್ ನದಿಯ ದಡದ ಆಲ್ಟೆನ್‌ಬರ್ಗ್ ಅವರ ಊರು. ಹಕ್ಕಿ ಅಂಗಡಿಯಲ್ಲಿ ಒಂದು ಮರಿ ಬಾಯಿ ತೆರೆದು ಕೂತಿತ್ತಂತೆ. ಆ ಕೆಂಪು ಬಾಯಿಗೆ ಏನಾದರೂ ತುರುಕಬೇಕು ಅನ್ನಿಸಿ ಕೊಂಡುಬಂದರಂತೆ. ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ಮರಿಗೆ ಚೊಕ್ ಅಂತ ಹೆಸರಿಟ್ಟರು. 1927ರಲ್ಲಿ ಇನ್ನೂ 14 ಮರಿ ತಂದು ಬೆಳೆಸಿ, ಮನೆಯ ಮಾಡಿನ ಮೇಲೇ ಒಂದು ಸಂಸಾರ ಕಟ್ಟಿಸಿದರು. ಪಂಜರದಲ್ಲಿ ಕೂಡಿಹಾಕಿ ನೋಡಿದ್ದಲ್ಲ. ಹಗಲೆಲ್ಲ ಹೊರಗೆ ಹಾರಾಡಿ, ಸಂಜೆ ಮನೆಗೆ ಬರುವ ಹಕ್ಕಿಗಳು. ಒಂದು ಗಂಡು ಜಾಕ್‌ಡಾ ಇವರನ್ನೇ ಪ್ರೀತಿಸಿ, ಹುಳ ಅರೆದು ಬಾಯಿಗೆ ತುರುಕಲು ಬರುತ್ತಿತ್ತಂತೆ. ಬಾಯಿ ಮುಚ್ಚಿಕೊಂಡರೆ ಕಿವಿಗೆ!

ಇಷ್ಟು ಸಲಿಗೆ ಇದ್ದ ಹಕ್ಕಿಗಳೇ ಒಂದು ಸಂಜೆ ಅವರ ಮೇಲೆ ಬಿದ್ದವು. ನದಿಯಲ್ಲಿ ಈಜಿ ಬಂದು, ಜೇಬಿನಿಂದ ಒದ್ದೆಯಾದ ಕಪ್ಪು ಈಜುಚಡ್ಡಿ ಹೊರಗೆಳೆದಿದ್ದಷ್ಟೇ ಅವರು ಮಾಡಿದ್ದು. ಹಿಂಡಿಗೆ ಹಿಂಡೇ ಬಂದು ಆ ಕೈಯನ್ನು ಕುಕ್ಕಿತು. ಲೊರೆಂಜ್ ಬೈಯುತ್ತಾ ಕೂರಲಿಲ್ಲ, ಪರೀಕ್ಷೆ ಮಾಡಿದರು. ದೊಡ್ಡ ಕಪ್ಪು ಕ್ಯಾಮೆರಾ ಹಿಡಿದರೆ ಏನೂ ಇಲ್ಲ. ಅದರೊಳಗಿನ ಕಪ್ಪು ಕಾಗದದ ಪಟ್ಟಿ ಗಾಳಿಗೆ ಅಲ್ಲಾಡಿದರೆ ಮಾತ್ರ ಗಲಾಟೆ. ಕೊನೆಗೆ ಅವುಗಳದ್ದೇ ಒಂದು ಹಕ್ಕಿ ಗೂಡಿಗೆ ಕಪ್ಪು ಗರಿ ಕಚ್ಚಿಕೊಂಡು ಬಂದಾಗ ಅದರ ಮೇಲೂ ಬಿದ್ದವು. ಅಂದರೆ ಕಪ್ಪಗಿನ, ಜೋಲಾಡುವ ವಸ್ತುವನ್ನು ಯಾರು ಹಿಡಿದಿದ್ದರೂ ಅವರು ನಮ್ಮವನನ್ನು ಹಿಡಿದ ಕೊಲೆಗಡುಕರು. ಹುಟ್ಟಿನಿಂದಲೇ ಬಂದ ಬುದ್ಧಿ ಇದು, ಕಲಿತದ್ದಲ್ಲ.

ಆದರೆ ಕಲಿಯುವುದೂ ಇದೆ, ಕಷ್ಟ ಅಲ್ಲೇ ಇರುವುದು. ಒಬ್ಬನೇ ಮನುಷ್ಯ ಎರಡು ಮೂರು ಸಲ ಹೀಗೆ ಸಿಕ್ಕಿಬಿದ್ದರೆ, ಆಮೇಲೆ ಕೈ ಖಾಲಿ ಇದ್ದರೂ ಅವನು ಶತ್ರುವೇ. ಲೊರೆಂಜ್‌ಗೆ ಮರಿಗಳ ಕಾಲಿಗೆ ಗುರುತಿನ ಬಳೆ ಹಾಕಲೇಬೇಕಿತ್ತು, ಅದಕ್ಕೆ ಮರಿಗಳನ್ನು ಕೈಯಲ್ಲಿ ಹಿಡಿಯಲೇಬೇಕು. ಹಿಡಿದರೆ ವರ್ಷಗಳ ಸ್ನೇಹ ಹಾಳು. ಆಸ್ಟ್ರಿಯಾದಲ್ಲಿ ಡಿಸೆಂಬರ್‌ನ ಸಂತ ನಿಕೊಲಾಸ್ ಹಬ್ಬಕ್ಕೆ ದೆವ್ವದ ವೇಷ ಹಾಕುವ ಪದ್ಧತಿ ಇದೆ. ಆ ವೇಷ ಹೊರಗೆ ತೆಗೆದರು. ಕೊಂಬು, ಬಾಲ, ಮೈಯೆಲ್ಲ ಕೂದಲು, ಹೊರಚಾಚಿದ ನಾಲಿಗೆ. ಅದನ್ನು ಹಾಕಿಕೊಂಡು, ಹಬ್ಬವಲ್ಲದ ಹಬ್ಬದಲ್ಲಿ, ಮಾಡು ಹತ್ತಿ ಮರಿಗಳಿಗೆ ಬಳೆ ತೊಡಿಸಿದರು. ಸುತ್ತ ಕಪ್ಪು ಹಕ್ಕಿಗಳ ಕಿರುಚಾಟ, ಕೆಳಗೆ ರಸ್ತೆಯಲ್ಲಿ ಬಾಯಿ ಬಿಟ್ಟುಕೊಂಡು ನಿಂತ ಊರ ಜನ. ಲೊರೆಂಜ್ ಅವರ ಕಡೆ ಬಾಲ ಅಲ್ಲಾಡಿಸಿ ಒಳಗೆ ಹೋದರಂತೆ!

ಕಾಗೆ ಬಳಗವನ್ನು ಕರೆಯುತ್ತೆ ಅನ್ನುವ ಬಸವಣ್ಣನವರ ವಚನ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಅಲ್ಲಿ ಕರೆಯುವುದು ಊಟಕ್ಕೆ. ಜಗಳಕ್ಕೂ ಅಷ್ಟೇ ನಿಷ್ಠೆಯಿಂದ ಕರೆಯುತ್ತೆ ಅನ್ನುವುದು ನನ್ನ ತಲೆಬುರುಡೆಯ ಅನುಭವ.

ಲೊರೆಂಜ್‌ಗಿಂತ ಮುಂಚೆಯೂ ಸಾಕಿದವರಿದ್ದರು. ಚಾರ್ಲ್ಸ್ ಡಿಕನ್ಸ್ ಮನೆಯಲ್ಲಿ ಗ್ರಿಪ್ ಅನ್ನುವ ರೇವನ್ ಇತ್ತು. ರೇವನ್ ಅಂದರೆ ನಮ್ಮ ಕಾಡುಕಾಗೆಗಿಂತ ದೊಡ್ಡದು, ಮಾತೂ ಕಲಿಯುತ್ತೆ. ಮಕ್ಕಳ ಕಾಲು ಕಚ್ಚುತ್ತಿದ್ದ ಅದು 1841ರಲ್ಲಿ ಸತ್ತಿತು. ಡಿಕನ್ಸ್ ಅದರೊಳಗೆ ಹುಲ್ಲು ತುಂಬಿಸಿ ಇಟ್ಟುಕೊಂಡರು. ಈಗ ಅದು ಅಮೆರಿಕದ ಫಿಲಡೆಲ್ಫಿಯಾದ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಆಮೇಲೆ ತಂದ ಇನ್ನೊಂದು ರೇವನ್, ಮೊದಲನೆಯದು ತೋಟದಲ್ಲಿ ಹೂತಿಟ್ಟಿದ್ದ ಚೀಸು, ಚಿಲ್ಲರೆ ಕಾಸನ್ನೆಲ್ಲ ಅಗೆದು ತೆಗೆಯಿತು ಅಂತ ಡಿಕನ್ಸ್ ಬರೆದಿದ್ದಾರೆ. ಪಿತ್ರಾರ್ಜಿತ ಆಸ್ತಿ ಅಂದರೆ ಇದೇ ಇರಬೇಕು.

ದೆವ್ವದ ವೇಷದ ಕಥೆ ಮತ್ತೆ ಬಂದಿದ್ದು 2006ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಜೊತೆಗಾರರು ಗುಹಾಮಾನವನ ರಬ್ಬರ್ ಮುಖವಾಡ ಹಾಕಿಕೊಂಡು ಕ್ಯಾಂಪಸ್ಸಿನ 7 ಕಾಗೆಗಳನ್ನು ಬಲೆಯಲ್ಲಿ ಹಿಡಿದು, ಬಳೆ ತೊಡಿಸಿ ಬಿಟ್ಟರು. ಆಮೇಲೆ ಅದೇ ಮುಖವಾಡದಲ್ಲಿ ಸುಮ್ಮನೆ ನಡೆದುಹೋದರೂ ಕಾಗೆಗಳು ಬೈಯತೊಡಗಿದವು. ಹೋಲಿಕೆಗೆಂದು ಡಿಕ್ ಚೇನಿಯ ಮುಖವಾಡ ಹಾಕಿದರೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಲೊರೆಂಜ್ ಮುಖ ಮುಚ್ಚಿಕೊಂಡಿದ್ದು ಸ್ನೇಹ ಉಳಿಸಿಕೊಳ್ಳಲು, ಇವರು ಮುಚ್ಚಿಕೊಂಡಿದ್ದು ದ್ವೇಷ ಅಳೆಯಲು. ಮುಖ್ಯ ವಿಷಯ ಇದು: ವರ್ಷ ಕಳೆದಂತೆ ಬೈಯುವ ಕಾಗೆಗಳು ಹೆಚ್ಚಾದವು. ಬಲೆಗೆ ಬೀಳದವು, ಆಗಿನ್ನೂ ಹುಟ್ಟೇ ಇರದವು ಕೂಡ ದೊಡ್ಡವರನ್ನು ನೋಡಿ ಕಲಿತವು. ಆ ಸಿಟ್ಟು ನಿಧಾನಕ್ಕೆ ಇಳಿದು, ಒಂದೂ ಕಾಗೆ ಬೈಯದ ದಿನ ಬಂದಿದ್ದು 2023ರಲ್ಲಿ. 17 ವರ್ಷ!

ಈ ಪ್ರಯೋಗದ ಬಗ್ಗೆ ನಾನು ಓದಿದ ಮೇಲೆ ಬಂತು ಅಜ್ಜಿಯ ವರ್ಷದ ತಿಥಿ, 2019ರಲ್ಲಿ. ಹಿತ್ತಲ ಗೋಡೆಯ ಮೇಲೆ, ಅಜ್ಜಿ ಅನ್ನ ಇಡುತ್ತಿದ್ದ ಜಾಗದಲ್ಲೇ ಪಿಂಡ ಇಟ್ಟರು. ಕಾಗೆ ಮುಟ್ಟುವವರೆಗೂ ಯಾರಿಗೂ ಊಟ ಇಲ್ಲ. ತೆಂಗಿನ ಗರಿಗಳ ಮೇಲೆ ಏಳೆಂಟು ಕಾಗೆ ಕೂತಿವೆ, ಒಂದೂ ಇಳಿಯುತ್ತಿಲ್ಲ. ಗಂಟೆ ಎರಡಾಯಿತು. "ಅಮ್ಮನಿಗೆ ಏನೋ ಆಸೆ ಉಳಿದಿದೆ" ಅಂದರು ಯಾರೋ. ಆಗ ತೋಟವನ್ನು ಲೇಔಟ್ ಮಾಡುವವರಿಗೆ ಕೊಡುವ ಮಾತು ನಡೆಯುತ್ತಿತ್ತು. ಮಾವ ಗೋಡೆಯ ಮುಂದೆ ಕೈಮುಗಿದು, "ತೋಟ ಮಾರಲ್ಲಮ್ಮ, ನಿನ್ನಾಣೆ" ಅಂತ ಅತ್ತೇಬಿಟ್ಟರು.

ಎಲ್ಲರೂ ಮಾವನನ್ನು ನೋಡುತ್ತಿದ್ದರು, ನಾನು ಕಾಗೆಗಳನ್ನು. ಸದ್ದು ಮಾಡದೆ ಒಳಗೆ ಹೋಗಿ, ಅಡುಗೆಮನೆಯ ಕಿಟಕಿ ಬಾಗಿಲು ಓರೆ ಮಾಡಿಕೊಂಡು ನಿಂತೆ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಗೋಡೆಗೆ ಇಳಿಯಿತು. ಹಿಂದೆಯೇ ಇನ್ನೆರಡು. ಹೊರಗೆ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದು ಕೇಳಿಸಿತು.

ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಾವ ಇವತ್ತಿಗೂ ತೋಟ ಮಾರಿಲ್ಲ.