ಗಾಂಧಾರದ ನೆಲೆ: ವಿಜಯನಗರದ ವೀಣೆಯಿಂದ ಬಯಲಾಟದ ಪೇಟಿಯವರೆಗೆ

ಸರಳೆ ವರಸೆಗೆ ಕೂತ ಮಗು ಮಾಯಾಮಾಳವಗೌಳದಲ್ಲಿ ಹಾಡುವ ಅಂತರಗಾಂಧಾರ ಇತಿಹಾಸದುದ್ದಕ್ಕೂ ಒಂದೇ ಜಾಗದಲ್ಲಿ ನಿಂತ ಸ್ವರವಲ್ಲ. ಷಡ್ಜ ಪಂಚಮಗಳ ಬಗ್ಗೆ ಶಾಸ್ತ್ರಕಾರರಲ್ಲಿ ಹೆಚ್ಚು ಜಗಳವಿಲ್ಲ. ಜಗಳವೆಲ್ಲ ಗಾಂಧಾರ ನಿಷಾದಗಳದ್ದು. ಆ ಜಗಳದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬಳ್ಳಾರಿ ಸೀಮೆಯಲ್ಲೇ.

ಇಂದು ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿದ ಡಿ. ಹಿರೇಹಾಳ್, ರಾಯದುರ್ಗ ತಾಲ್ಲೂಕಿನ ಜೊತೆಗೆ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ ಇಡೀ ಸೀಮೆ ವಿಜಯನಗರದ ಆಳ್ವಿಕೆಗೆ ಒಳಪಟ್ಟಿತ್ತು. ಈ ಭಾಗದ ಸಂಗೀತದ ಚರಿತ್ರೆ ಬರೆಯುವವರು ಗಡಿರೇಖೆಯನ್ನು ಬದಿಗಿಟ್ಟು ಹಂಪಿಯ ಕಡೆ ನೋಡಲೇಬೇಕು. ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ಐದು ಪ್ರಕರಣಗಳ ‘ಸ್ವರಮೇಳಕಲಾನಿಧಿ’ಯನ್ನು ಬರೆದು ಮುಗಿಸಿದ್ದು 1550ರಲ್ಲಿ, ಪುರಂದರದಾಸರು ಬದುಕಿದ್ದಾಗಲೇ.

ಭರತನ ಕಾಲದಿಂದ ಸ್ವರಗಳನ್ನು 22 ಶ್ರುತಿಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಆ ಲೆಕ್ಕಕ್ಕೆ ಕಿವಿಯೇ ಪ್ರಮಾಣ. ರಾಮಾಮಾತ್ಯ ಮಾತ್ರ ನೇರವಾಗಿ ವೀಣೆಯ ಮೆಟ್ಟಿಲಿಗೆ ಬಂದ. ಅವನ ಶುದ್ಧಮೇಳವೀಣೆಯ ನಾಲ್ಕು ತಂತಿಗಳು ಷಡ್ಜ, ಪಂಚಮ, ಷಡ್ಜ, ಮಧ್ಯಮಕ್ಕೆ ಕೂಡಿದವು. ಒಂದು ಮೆಟ್ಟಿಲು ನಾಲ್ಕೂ ತಂತಿಗಳಿಗೆ ಸಲ್ಲಬೇಕು. ಈ ನಿರ್ಬಂಧವೇ ಗಾಂಧಾರದ ಜಾಗವನ್ನು ನಿರ್ಧರಿಸುತ್ತದೆ.

ಸ್ಥಾಯಿಭೇದ ಬಿಟ್ಟು ಲೆಕ್ಕ ಹಾಕಿ ನೋಡೋಣ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನ ಇಟ್ಟುಕೊಂಡರೆ ಮಧ್ಯಮ 320, ಪಂಚಮ 360. ಮಧ್ಯಮದ ತಂತಿಯಲ್ಲಿ ಎರಡನೆಯ ಮೆಟ್ಟಿಲು ಪಂಚಮ ಕೊಡಬೇಕು. ಅದೇ ಮೆಟ್ಟಿಲನ್ನು ಪಂಚಮದ ತಂತಿಯಲ್ಲಿ ಒತ್ತಿದರೆ 405 ಕಂಪನದ ಸ್ವರ ಬರುತ್ತದೆ. ಅದು ಅವನ ಶುದ್ಧನಿಷಾದ. ಆ ನಿಷಾದವೇ ಮಧ್ಯಮದ ತಂತಿಯ ನಾಲ್ಕನೆಯ ಮೆಟ್ಟಿಲಲ್ಲಿಯೂ ನುಡಿಯಬೇಕು. ಹಾಗೆ ಕಟ್ಟಿದ ನಾಲ್ಕನೆಯ ಮೆಟ್ಟಿಲನ್ನು ಷಡ್ಜದ ತಂತಿಯಲ್ಲಿ ಮೀಟಿದರೆ ಸಿಗುವ ಗಾಂಧಾರ 303.75. ಇತ್ತ ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರತಂತಿಯಲ್ಲಿ ಯಾರೂ ಮೀಟದೆಯೇ ಕೇಳಿಬರುವ ಗಾಂಧಾರಕ್ಕೆ ಇದೇ ಸ್ಥಾಯಿಯಲ್ಲಿ 300. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ನಾಲ್ಕರ ಹತ್ತಿರ ಅಲೆಗಳು ಏಳುತ್ತವೆ. ತಂಬೂರಿಯ ನಾದಕ್ಕೆ ಕಿವಿ ಒಗ್ಗಿದವರಿಗೆ ಇದು ಸಣ್ಣ ಅಂತರವಲ್ಲ.

ನಾಲ್ಕನೆಯ ಮೆಟ್ಟಿಲಿನ ಈ ಸ್ವರಕ್ಕೆ ರಾಮಾಮಾತ್ಯ ಇಟ್ಟ ಹೆಸರು ಚ್ಯುತಮಧ್ಯಮ ಗಾಂಧಾರ. ಅಂತರಗಾಂಧಾರಕ್ಕೆ ಬೇರೆ ಮೆಟ್ಟಿಲು ಕಟ್ಟಿದರೆ ಎರಡೂ ಒತ್ತೊತ್ತಾಗಿ ಕೂತು ನುಡಿಸಾಣಿಕೆಗೆ ತೊಡಕಾಗುತ್ತದೆಂದು, ಅದರ ಪ್ರತಿನಿಧಿಯಾಗಿ ಚ್ಯುತಮಧ್ಯಮ ಗಾಂಧಾರವನ್ನೇ ಬಳಸಬಹುದೆಂದು ಒಪ್ಪಿದ. ಕಾಕಲಿ ನಿಷಾದಕ್ಕೂ ಇದೇ ತೀರ್ಪು. ನನ್ನ ದೃಷ್ಟಿಯಲ್ಲಿ ಇಡೀ ಗ್ರಂಥದ ಅತ್ಯಂತ ಧೈರ್ಯದ ಮಾತು ಇದು. ಶಾಸ್ತ್ರದ ಸ್ವರ, ವಾದ್ಯದ ಸ್ವರ ಎರಡೂ ಬೇರೆಯಾಗಬಹುದೆಂದು ಅವನು ಬಾಯಿಬಿಟ್ಟು ಹೇಳಿದ. ಮುಂದಿನ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ (ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ) ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ ರಾಮಾಮಾತ್ಯನನ್ನು ಕಟುವಾಗಿ ಖಂಡಿಸಿದ. ಆದರೆ 72 ಮೇಳಗಳ ಅವನ ಲೆಕ್ಕವೂ ನಿಂತದ್ದು ಸ್ಥಾಯಿಗೆ ಹನ್ನೆರಡೇ ಸ್ವರಸ್ಥಾನಗಳ ಮೇಲೆ. ಅಂತರಗಾಂಧಾರದ ಹೆಸರು ಉಳಿಯಿತು, ಚ್ಯುತಮಧ್ಯಮದ ಹೆಸರು ಬಿದ್ದುಹೋಯಿತು.

ಮೂರನೆಯ ಗಾಂಧಾರ ಬಂದದ್ದು ಹಾರ್ಮೋನಿಯಂ ಪೇಟಿಯ ಜೊತೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಪೇಟಿಯಲ್ಲಿ, ಅದೇ 240ರ ಷಡ್ಜಕ್ಕೆ ಗಾಂಧಾರ 302.4ರ ಸುಮಾರಿಗೆ ನಿಲ್ಲುತ್ತದೆ. ಪಂಚಮ ಕೂಡ 360ಕ್ಕೆ ಕೂದಲೆಳೆಯಷ್ಟು ಕಡಿಮೆ. ಕಂಪನಿ ನಾಟಕಗಳ ಕಾಲಕ್ಕೆ ಬಳ್ಳಾರಿಯ ರಂಗಕ್ಕೆ ಬಂದ ಪೇಟಿ ಬಯಲಾಟದ ಹಿಮ್ಮೇಳಕ್ಕೂ ಇಳಿಯಿತು. ಸ್ವರ ಶುದ್ಧವಲ್ಲ, ಗಮಕ ನುಡಿಯದು ಎಂಬ ಆಕ್ಷೇಪದ ಮೇಲೆ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಗಮಕದ ಆಕ್ಷೇಪ ನ್ಯಾಯವಾದದ್ದೇ. ಸ್ವರಶುದ್ಧಿಯ ಆಕ್ಷೇಪ ಅಷ್ಟು ಸರಳವಲ್ಲ: ಮೇಲಿನ ಲೆಕ್ಕದಂತೆ ಪೇಟಿಯ ಗಾಂಧಾರ ತಂಬೂರಿಯ ಗಾಂಧಾರಕ್ಕೆ ವಿಜಯನಗರದ ಮೆಟ್ಟಿಲಿಗಿಂತ ಹತ್ತಿರವೇ ಇದೆ. ಒಂದು ವ್ಯತ್ಯಾಸವನ್ನು ಮರೆಯಬಾರದು. ವೈಣಿಕರು ಮೇಣ ಕರಗಿಸಿ ಮೇಳ ಕಟ್ಟುವಾಗ ಮೆಟ್ಟಿಲನ್ನು ಸರಿಸಬಲ್ಲರು, ನುಡಿಸುವಾಗ ತಂತಿ ಎಳೆಯಬಲ್ಲರು. ಪೇಟಿಯ ಮನೆ ಒತ್ತಿದವರಿಗೆ ಆ ಸ್ವಾತಂತ್ರ್ಯವಿಲ್ಲ.

ಹಾಗಾದರೆ ಪೇಟಿಯ ಪಕ್ಕದಲ್ಲಿ ನಿಂತು ಏರುದನಿಯಲ್ಲಿ ಹಾಡುವ ಭಾಗವತರ ಕಂಠದಲ್ಲಿ ಗಾಂಧಾರ ಎಲ್ಲಿ ನಿಲ್ಲುತ್ತದೆ? ಪೇಟಿಯ ಮನೆಯಲ್ಲೋ, ತಂಬೂರಿಯ ನೆಲೆಯಲ್ಲೋ, ಪದದಿಂದ ಪದಕ್ಕೆ ಬೇರೆಬೇರೆಯಾಗಿಯೋ? ಇದನ್ನು ಅಳೆಯಲು ಇಂದು ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಮೈಕ್ ಸಾಕು. ರಾಯದುರ್ಗ, ಡಿ. ಹಿರೇಹಾಳ್, ಬಳ್ಳಾರಿ ಸುತ್ತಿನ ಹಿರಿಯ ಕಲಾವಿದರ ಹಾಡಿಕೆಯನ್ನು ಪೇಟಿಯೊಡನೆ ಒಮ್ಮೆ, ಪೇಟಿಯಿಲ್ಲದೆ ಒಮ್ಮೆ ಧ್ವನಿಮುದ್ರಿಸಬೇಕು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಸಂಶೋಧಕರು, ಗಡಿಯ ಆಚೀಚೆಯ ಸಂಗೀತ ಶಿಕ್ಷಕರು ಈ ಕೆಲಸವನ್ನು ಹಿರಿಯ ಕಂಠಗಳು ಇರುವಾಗಲೇ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.