ಸೇನಾಪತಿ ವಿಲಿಯಂ ಸ್ಲಿಮ್

ಗೆದ್ದ ದಂಡನಾಯಕರ ಚರಿತ್ರೆಗಳು ಬೇಕಾದಷ್ಟಿವೆ. ತಾನು ಎಡವಿದುದನ್ನು ತಾನೇ ಬರೆದಿಟ್ಟವರು ವಿರಳ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶವನ್ನು ಮರಳಿ ಗೆದ್ದ ವಿಲಿಯಂ ಸ್ಲಿಮ್ ಅಂತಹವರಲ್ಲೊಬ್ಬನು.

ಈತನು 1891ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, ಸಿರಿವಂತಿಕೆಯಿಲ್ಲದ ಮನೆಯಲ್ಲಿ ಹುಟ್ಟಿದನು. ಬರ್ಮಿಂಗ್‌ಹ್ಯಾಮಿನ ಪ್ರಾಥಮಿಕ ಶಾಲೆಯಲ್ಲಿ ಕೆಲಕಾಲ ಉಪಾಧ್ಯಾಯನಾಗಿದ್ದು, ಬಳಿಕ ಗುಮಾಸ್ತನಾದನು. ನಮ್ಮ ವೃತ್ತಿಯವನೆಂಬ ಅಭಿಮಾನವು ಈ ಲೇಖಕನಿಗೆ ಸ್ವಲ್ಪ ಉಂಟಾದರೆ ವಾಚಕರು ಮನ್ನಿಸಬೇಕು. 1914ರ ಯುದ್ಧವು ಬಾರದಿದ್ದರೆ ಆತನಿಗೆ ಸೈನ್ಯದ ಅಧಿಕಾರಪದವಿಯು ದೊರೆಯುತ್ತಿತ್ತೆಂದು ತೋರುವುದಿಲ್ಲ. ಗ್ಯಾಲಿಪೊಲಿಯಲ್ಲಿಯೂ ಮೆಸೊಪೊಟೇಮಿಯದಲ್ಲಿಯೂ ಗಾಯಗೊಂಡು, ಅನಂತರ ಭಾರತೀಯ ಸೈನ್ಯದ ಗೂರ್ಖಾ ದಳವನ್ನು ಸೇರಿದನು. ಸಂಬಳವು ಸಾಲದೆ ಬೇರೆ ಹೆಸರಿನಿಂದ ಕಥೆಗಳನ್ನು ಬರೆದು ಪತ್ರಿಕೆಗಳಿಗೆ ಕಳುಹುತ್ತಿದ್ದನು.

1940ರ ನವೆಂಬರಿನಲ್ಲಿ ಸೂಡಾನಿನ ಗಡಿಯ ಗಲ್ಲಾಬಾತ್ ಕೋಟೆಯನ್ನು ಹಿಡಿದನಾದರೂ, ಎದುರಿನ ಮೆಟೆಮ್ಮಾದ ಮೇಲೆ ನುಗ್ಗದೆ ಹಿಂದೆ ಸರಿದನು. ಧೈರ್ಯದ ಮಾರ್ಗವನ್ನು ಬಿಟ್ಟು ಎಚ್ಚರಿಕೆಯ ಮಾರ್ಗವನ್ನು ಹಿಡಿದುದು ತನ್ನ ತಪ್ಪೆಂದು ಮುಂದೆ ಬರೆದನು.

1942ರ ಮಾರ್ಚಿನಲ್ಲಿ ಆತನು ಬರ್ಮಾಕ್ಕೆ ಬರುವಷ್ಟರಲ್ಲಿ ರಂಗೂನು ಬಿದ್ದುಹೋಗಿತ್ತು. ಏನಂಗ್ಯಾಂಗಿನ ಎಣ್ಣೆಯ ಬಾವಿಗಳನ್ನು ತಾವೇ ಸುಟ್ಟು, ಸುಮಾರು 900 ಮೈಲಿಗಳನ್ನು ಹಿಮ್ಮೆಟ್ಟಿ, ಮಳೆಗಾಲವು ಮೊದಲಾಗುವ ಹೊತ್ತಿಗೆ ಆ ಸೇನೆಯು ಇಂಫಾಲವನ್ನು ಸೇರಿತು. ಅದೇ ಕಾಲದಲ್ಲಿ ಬರ್ಮಾದಲ್ಲಿದ್ದ ನಮ್ಮ ಜನ ಲಕ್ಷಗಟ್ಟಲೆ ಕಾಡುದಾರಿಯಲ್ಲಿ ನಡೆದು ಬಂದರು. ದಾರಿಯಲ್ಲಿಯೇ ಅಳಿದವರು ಸಾವಿರಾರು. ಸೇನಾಚರಿತ್ರೆಗಳಲ್ಲಿ ಅವರಿಗೆ ದೊರೆತ ಸ್ಥಳ ಅತ್ಯಲ್ಪ.

1943ರ ಅಕ್ಟೋಬರಿನಲ್ಲಿ ಹದಿನಾಲ್ಕನೆಯ ಸೈನ್ಯವು ಸ್ಲಿಮ್‌ನ ಕೈಗೆ ಬಂದಿತು; ಅದರಲ್ಲಿ ಬಹುಪಾಲು ಭಾರತೀಯರೇ. ಕೌಟಿಲ್ಯನು ಬಲವ್ಯಸನಗಳನ್ನು ಎಣಿಸುವಾಗ ವ್ಯಾಧಿತವಾದ ಸೈನ್ಯವನ್ನೂ ಸೇರಿಸಿದ್ದಾನಷ್ಟೆ. ಇಲ್ಲಿ ಒಬ್ಬ ಗಾಯಾಳುವಿಗೆ 120 ಮಂದಿ ರೋಗಿಗಳಂತೆ ರಣರಂಗವನ್ನು ಬಿಡುತ್ತಿದ್ದರು. ಮಲೇರಿಯಾಕ್ಕೆ ಮೆಪಕ್ರಿನ್ ಗುಳಿಗೆ ಇದ್ದಿತು, ನುಂಗುವವರಿರಲಿಲ್ಲ. ಸ್ಲಿಮ್‌ನು ಅನಿರೀಕ್ಷಿತವಾಗಿ ಪರೀಕ್ಷೆ ಮಾಡಿಸಿ, ನೂರಕ್ಕೆ 95ಕ್ಕಿಂತ ಕಡಮೆ ಜನ ಗುಳಿಗೆ ತೆಗೆದುಕೊಂಡಿದ್ದ ದಳದ ಅಧಿಪತಿಯನ್ನು ತೆಗೆದುಹಾಕಿದನು. ಮೂವರನ್ನು ಹೀಗೆ ತೆಗೆದಮೇಲೆ ಉಳಿದವರಿಗೆ ಅರ್ಥವಾಯಿತು. ರೋಗಿಗಳನ್ನು ನೂರಾರು ಮೈಲಿ ಹಿಂದಕ್ಕೆ ಸಾಗಿಸದೆ, ಮುಂಚೂಣಿಯ ಹಿಂದೆಯೇ ಚಿಕಿತ್ಸೆಗೆ ಏರ್ಪಾಡಾಯಿತು. ವಿಮಾನದಿಂದ ಆಹಾರವನ್ನಿಳಿಸಲು ರೇಷ್ಮೆಯ ಕೊಡೆಗಳು ಸಾಲದಿರಲು, ಕಲ್ಕತ್ತೆಯ ಸೆಣಬಿನಿಂದ ಕೊಡೆಗಳನ್ನು ಮಾಡಿಸಿದರು. ಮುಂದಿನ ಜಯದ ಮೂಲವು ಇಂತಹ ಕೆಲಸಗಳಲ್ಲಿದೆಯೆಂದು ನನ್ನ ಅಭಿಪ್ರಾಯ.

1944ರ ಮಾರ್ಚಿನಲ್ಲಿ ಜಪಾನೀಯರು ಇಂಫಾಲ ಕೊಹಿಮಾಗಳ ಮೇಲೆ ಬಿದ್ದರು. ಸ್ಲಿಮ್‌ನು ದೂರದ ದಳಗಳನ್ನು ಇಂಫಾಲದ ಬಯಲಿಗೆ ಸೆಳೆದುಕೊಂಡು, ಶತ್ರುವು ತನ್ನ ಉಗ್ರಾಣಗಳಿಂದ ದೂರವಾಗಲೆಂದು ಕಾದನು. ಆದರೆ ಕೊಹಿಮಾಕ್ಕೆ ಒಂದು ಇಡೀ ಡಿವಿಜನ್ ಬರಬಹುದೆಂದು ಎಣಿಸಿರಲಿಲ್ಲ. ಅಲ್ಲಿದ್ದ ಅಲ್ಪ ಸಂಖ್ಯೆಯ ಯೋಧರ ಸ್ಥೈರ್ಯವೇ ತನ್ನ ತಪ್ಪನ್ನು ಉಳಿಸಿತೆಂಬ ಭಾವವನ್ನು ಆತನು ಮರೆಮಾಚಲಿಲ್ಲ. ಜೂನ್ 22ರಂದು ಇಂಫಾಲದ ದಾರಿಯು ತೆರೆಯಿತು. ಮರುವರ್ಷ ಮೆಯ್ಕ್‌ಟಿಲಾ, ಮಾಂಡಲೆ, ರಂಗೂನುಗಳು ಒಂದೊಂದಾಗಿ ಕೈಸೇರಿದುವು. 1948ರಲ್ಲಿ ಬ್ರಿಟಿಷ್ ಸೈನ್ಯದ ಅತ್ಯುನ್ನತ ಪದವಿಯೂ, 1953ರಲ್ಲಿ ಆಸ್ಟ್ರೇಲಿಯದ ಗವರ್ನರ್ ಜನರಲ್ ಪದವಿಯೂ ಆತನಿಗೆ ಬಂದುವು. 1970ರಲ್ಲಿ ತೀರಿಕೊಂಡನು.

ಒಂದು ಮಾತು ಉಳಿದಿದೆ. ಇಂಫಾಲದ ಎದುರು ಪಕ್ಷದಲ್ಲಿಯೂ ಭಾರತೀಯರಿದ್ದರು. 1944ರ ಏಪ್ರಿಲ್ 14ರಂದು ಮೊಯಿರಾಂಗಿನಲ್ಲಿ ಆಜಾದ್ ಹಿಂದ್ ಫೌಜು ತನ್ನ ಧ್ವಜವನ್ನು ಏರಿಸಿತು. 1956ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ಲಿಮ್‌ನು ಅವರ ಪರಾಕ್ರಮವನ್ನು ಹಗುರವಾಗಿಯೇ ಎಣಿಸಿದ್ದಾನೆ. ಅವರು ಶರಣಾಗಬಂದಾಗ ತನ್ನ ಸಿಪಾಯಿಗಳೇ ಹಿಂಜರಿಯುತ್ತಿದ್ದುದರಿಂದ, ದಯೆಯಿಂದ ಬರಮಾಡಿಕೊಳ್ಳಿರೆಂದು ಆಜ್ಞೆ ಹೊರಡಿಸಬೇಕಾಯಿತೆಂದೂ ಹೇಳಿದ್ದಾನೆ. ಆಜ್ಞೆಯು ಆತನಿಗೆ ಶೋಭೆ ತರುವಂತಹುದೇ. ತೀರ್ಪನ್ನು ಮಾತ್ರ ನಾನು ಒಪ್ಪಲಾರೆ. ಅವರಲ್ಲಿ ಅನೇಕರು 1942ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಸೆರೆಸಿಕ್ಕ, ತಮ್ಮ ಅಧಿಪತಿಗಳು ಶತ್ರುವಿಗೆ ಒಪ್ಪಿಸಿದ ಸಿಪಾಯಿಗಳು. ಸ್ವಂತ ಸೋಲುಗಳನ್ನು ಅಷ್ಟು ಸೂಕ್ಷ್ಮವಾಗಿ ತೂಗಿದವನು ಈ ಸೋಲಿನ ಲೆಕ್ಕಕ್ಕೆ ಹೆಚ್ಚು ಪುಟಗಳನ್ನು ಕೊಡಲಿಲ್ಲ.