ಕಬ್ಬಿನ ಸಾಗಣೆ ಮತ್ತು ಹಳೆಯ ಟ್ರ್ಯಾಕ್ಟರಿನ ಬೆಲೆ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಕುರಿತ ವಿವೇಚನೆ

ಹೊಸ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ 12ರಿಂದ ಶೇ 5ಕ್ಕೆ ಇಳಿಯಿತು. ಟಯರು ಮತ್ತು ಬಿಡಿಭಾಗಗಳ ಮೇಲಿನ ತೆರಿಗೆಯೂ ಅದೇ ದಿನ ಶೇ 18ರಿಂದ ಶೇ 5ಕ್ಕೆ ಬಂತು. ಕೇಂದ್ರ ಕೃಷಿ ಸಚಿವಾಲಯ ಆಗ ಕೊಟ್ಟ ಲೆಕ್ಕದಲ್ಲಿ 35 ಎಚ್.ಪಿ. ಟ್ರ್ಯಾಕ್ಟರಿಗೆ 41 ಸಾವಿರ, 45 ಎಚ್.ಪಿ.ಗೆ 45 ಸಾವಿರ, 50ಕ್ಕೆ 53 ಸಾವಿರ, 75ಕ್ಕೆ 63 ಸಾವಿರ ರೂಪಾಯಿ ಉಳಿತಾಯವೆಂದಿತ್ತು. ಹೊಸದು ಅಗ್ಗವಾದ ಮೇಲೆ ಹಳೆಯದೂ ಅಷ್ಟೇ ಪ್ರಮಾಣದಲ್ಲಿ ಇಳಿಯಬೇಕು ಎಂಬುದು ಮೊದಲು ಹೊಳೆಯುವ ತರ್ಕ. ಬಿಡಿಭಾಗ ಅಗ್ಗವಾದ್ದರಿಂದ ಹಳೆಯದನ್ನು ಇಟ್ಟುಕೊಳ್ಳುವ ಖರ್ಚು ಕಡಿಮೆಯಾಗಿ ಅದರ ಬೆಲೆ ಏರಬೇಕು ಎಂಬುದು ಅದಕ್ಕೆ ಎದುರಾದ ತರ್ಕ. ಈ ಎರಡೂ ಟ್ರ್ಯಾಕ್ಟರನ್ನು ಶೋರೂಮಿನ ಕಡೆಯಿಂದ ನೋಡುತ್ತವೆ. ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ಅದನ್ನು ಕಾರ್ಖಾನೆಯ ಯಾರ್ಡಿನ ಕಡೆಯಿಂದ ನೋಡಬೇಕು. ಹಾಗೆ ನೋಡಿದಾಗ, ಬರುವ ಎರಡು ಮೂರು ಹಂಗಾಮುಗಳಲ್ಲಿ ಸಾಗಣೆಗೆ ದುಡಿದ ಹಳೆಯ ಟ್ರ್ಯಾಕ್ಟರುಗಳ ಬೆಲೆ ಇಳಿಯುತ್ತದೆ, ಮತ್ತು ಆ ಇಳಿಕೆ ತೆರಿಗೆಯ ಇಳಿಕೆಗಿಂತ ದೊಡ್ಡದಾಗಿರುತ್ತದೆ ಎಂಬುದು ಈ ಲೇಖನದ ವಾದ.

ಈ ಮೂರು ತಾಲ್ಲೂಕುಗಳನ್ನು ಒಟ್ಟಿಗೆ ಹಿಡಿಯಲು ಕಾರಣ ಘಟಪ್ರಭೆಯ ನೀರು. ಧೂಪದಾಳದ ಒಡ್ಡು 1897ರದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿಯ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ ಸುಮಾರು 51 ಟಿಎಂಸಿ. ಈ ನೀರು ಹರಿದಲ್ಲೆಲ್ಲ ಕಬ್ಬು ಹಬ್ಬಿತು, ಕಬ್ಬು ಹಬ್ಬಿದಲ್ಲಿ ಕಾರ್ಖಾನೆ ಎದ್ದಿತು: ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಘಟಪ್ರಭಾ ಸಹಕಾರಿ ಕಾರ್ಖಾನೆ, ಬೆಲ್ಲದ ಬಾಗೇವಾಡಿ, ಕೊಳವಿ, ಹುಣಶ್ಯಾಳ ಪಿ.ಜಿ.ಯ ಖಾಸಗಿ ಕಾರ್ಖಾನೆಗಳು. ಮೂಡಲಗಿಯ ಪೂರ್ವ ಅಂಚಿನ ಕಬ್ಬು ಗಡಿ ದಾಟಿ ಬಾಗಲಕೋಟೆ ಜಿಲ್ಲೆಗೂ, ಹುಕ್ಕೇರಿಯ ಪಶ್ಚಿಮ ಭಾಗದ್ದು ಕೊಲ್ಹಾಪುರದ ಕಡೆಗೂ ಹೋಗುವುದುಂಟು. ಕಟಾವಾದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದರಿಂದ ಅದನ್ನು ಬೇಗ ಸಾಗಿಸಲೇಬೇಕು. ಆ ಕೆಲಸದ ಬಹುಪಾಲು ಡಬಲ್ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನದು. ಹಂಗಾಮು ಮುಗಿದ ಮೇಲೆ ಅದೇ ಟ್ರ್ಯಾಕ್ಟರು ಉಳುಮೆಗೆ ಇಳಿಯುತ್ತದೆ, ಇಟ್ಟಿಗೆ, ಗೊಬ್ಬರ ಹೊರುತ್ತದೆ, ಭಾರತ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಒಯ್ದು ಅಲ್ಲಿ ಟ್ರೇಲರನ್ನೇ ಬಿಡಾರವಾಗಿಸುತ್ತದೆ. ಆದರೆ ಇವು ಯಾವುವೂ ಸಾಲದ ಕಂತು ಕಟ್ಟುವುದಿಲ್ಲ. ಕಂತು ಕಟ್ಟುವುದು ಕಬ್ಬು.

ದೀರ್ಘಕಾಲ ಬಾಳುವ ಯಂತ್ರದ ಬೆಲೆ ಎಂದರೆ ಅದು ಇನ್ನು ಮುಂದೆ ದುಡಿದುಕೊಡುವ ನಿವ್ವಳ ಆದಾಯದ ಇಂದಿನ ಮೌಲ್ಯ. ಆ ಆದಾಯಕ್ಕೆ ಆಧಾರವಾದ ಬೇಡಿಕೆ ಇನ್ನೊಂದು ಸರಕಿನ ಬೇಡಿಕೆಯಿಂದ ಹುಟ್ಟಿದ್ದು ಎಂಬ ಮಾತನ್ನು ಆಲ್‌ಫ್ರೆಡ್ ಮಾರ್ಷಲ್ 1890ರಷ್ಟು ಹಿಂದೆಯೇ ವಿವರಿಸಿದ್ದಾನೆ. ಟ್ರ್ಯಾಕ್ಟರಿನ ಸಾಗಣೆ ಆದಾಯದಲ್ಲಿ ಮೂರು ಅಂಶಗಳಿವೆ: ಹಂಗಾಮಿನಲ್ಲಿ ಸಿಗುವ ಟ್ರಿಪ್ಪುಗಳು, ಒಂದು ಟ್ರಿಪ್ಪಿನ ಟನ್ನು, ಟನ್ನಿನ ದರ. ಮಾಲೀಕನ ಕೈಯಲ್ಲಿ ಇವು ಮೂರೂ ಇಲ್ಲ. ಟನ್ನು ರಸ್ತೆ ಮತ್ತು ಎಂಜಿನ್ನಿನ ಮಿತಿಗೆ ಒಳಪಟ್ಟದ್ದು, ದರ ಕಾರ್ಖಾನೆ ಹೇಳಿದ್ದು. ಟ್ರಿಪ್ಪುಗಳ ಸಂಖ್ಯೆಯನ್ನು ತೀರ್ಮಾನಿಸುವುದು ಕಾಟಾದ ಮುಂದಿನ ಪಾಳಿ. ಈ ಪಾಳಿಯಲ್ಲೇ ವಾದದ ತಿರುಳಿದೆ. ಒಂದು ಕಾರ್ಖಾನೆಗೆ ಹಂಗಾಮಿನಲ್ಲಿ 6 ಲಕ್ಷ ಟನ್ ಕಬ್ಬು ಬರುತ್ತದೆ, ಒಂದು ಟ್ರಿಪ್ಪಿಗೆ 20 ಟನ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಟ್ಟು 30 ಸಾವಿರ ಟ್ರಿಪ್ಪು. 500 ಟ್ರ್ಯಾಕ್ಟರುಗಳಿದ್ದರೆ ಒಂದಕ್ಕೆ 60 ಟ್ರಿಪ್ಪು ಸಿಗುತ್ತದೆ; 550 ಆದರೆ 55ಕ್ಕೂ ತುಸು ಕಡಿಮೆ. ಡ್ರೈವರನ ಪಗಾರ, ಗ್ಯಾಂಗಿಗೆ ಕೊಟ್ಟ ಮುಂಗಡದ ಬಡ್ಡಿ, ವಿಮೆ ಇವು ಟ್ರಿಪ್ಪು ಕಡಿಮೆಯಾದರೂ ಕಡಿಮೆಯಾಗುವುದಿಲ್ಲ. ಡೀಸೆಲ್ ಕಳೆದು ಉಳಿದದ್ದರಲ್ಲಿ 40 ಟ್ರಿಪ್ಪಿನ ದುಡಿಮೆ ಈ ಸ್ಥಿರ ಖರ್ಚಿಗೇ ಹೋಗುತ್ತದೆಂದಾದರೆ, ಮೊದಲು 20 ಟ್ರಿಪ್ಪಿನ ಲಾಭ ಉಳಿಯುತ್ತಿದ್ದ ಕಡೆ ಈಗ ಸುಮಾರು 14.5 ಟ್ರಿಪ್ಪಿನದು ಉಳಿಯುತ್ತದೆ. ಟ್ರ್ಯಾಕ್ಟರುಗಳ ಸಂಖ್ಯೆ ಶೇ 10 ಹೆಚ್ಚಿದರೆ ಒಬ್ಬೊಬ್ಬನ ಲಾಭ ಶೇ 27ರಷ್ಟು ಕುಸಿಯುತ್ತದೆ. ತೆರಿಗೆ ಇಳಿಕೆಯಿಂದ ಹೊಸ ಟ್ರ್ಯಾಕ್ಟರಿನ ಬೆಲೆ ಇಳಿದದ್ದು ಶೇ 6ರ ಆಸುಪಾಸಿನಲ್ಲಿ. ಹಾಗಾಗಿ ತೆರಿಗೆಯ ನೇರ ಪರಿಣಾಮ ಚಿಕ್ಕದು. ಅಗ್ಗವಾದ ಹೊಸ ಟ್ರ್ಯಾಕ್ಟರುಗಳು ಪಾಳಿಯನ್ನು ಉದ್ದ ಮಾಡುವ ಪರೋಕ್ಷ ಪರಿಣಾಮವೇ ದೊಡ್ಡದು.

ಪಾಳಿ ಉದ್ದವಾಗುತ್ತದೆ ಎಂದು ನಂಬಲು ತೆರಿಗೆಯೊಂದೇ ಕಾರಣವಲ್ಲ. ದೇಶದಲ್ಲಿ 2020-21ರಿಂದ ಪ್ರತಿ ಆರ್ಥಿಕ ವರ್ಷವೂ 8 ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಮಾರಾಟವಾಗಿವೆ. ಕೋವಿಡ್ ಕಾಲದಲ್ಲಿ ಉಳಿದ ವಾಹನಗಳ ಮಾರಾಟ ನೆಲಕಚ್ಚಿದಾಗಲೂ ಟ್ರ್ಯಾಕ್ಟರಿನದು ನಿಲ್ಲಲಿಲ್ಲ. ಆಗ ಐದಾರು ವರ್ಷದ ಕಂತಿನಲ್ಲಿ ಕೊಂಡವು ಈಗ ಸಾಲ ತೀರಿ, ಆರ್‌ಸಿ ಪುಸ್ತಕದ ಮೇಲಿನ ಬ್ಯಾಂಕಿನ ಹಕ್ಕು ಅಳಿದು, ಮಾರಾಟಕ್ಕೆ ಮುಕ್ತವಾಗುತ್ತಿವೆ. ಇದರ ಜೊತೆಗೆ ಕಬ್ಬಿನ ಸೀಮೆಗೇ ಮೀಸಲಾದ ಇನ್ನೊಂದು ಬಾಗಿಲಿದೆ. ಸಾಗಣೆಯ ಕರಾರು ಮಾಡಿಕೊಳ್ಳುವ ಮಾಲೀಕ ಬೀಡ್ ಕಡೆಯ, ವಿಜಯಪುರ ಕಡೆಯ ಕಟಾವಿನ ಗ್ಯಾಂಗಿನ ಮುಕಾದಮನಿಗೆ ಉಚಲು ಎಂದು ಲಕ್ಷಗಟ್ಟಲೆ ಮುಂಗಡ ಕೊಡಬೇಕು. ಕಾರ್ಖಾನೆ ಕೊಡುವ ಮುಂಗಡ ಸಾಲದಿದ್ದರೆ ಕೈಸಾಲ. ಗ್ಯಾಂಗ್ ಬಾರದೆ ಹೋದರೆ, ಇಲ್ಲವೆ ನಡುವೆ ಎದ್ದು ಹೋದರೆ, ಆ ಹಣ ಮರಳುವುದು ಕಷ್ಟ. ಆಗ ಮಾಲೀಕನ ಬಳಿ ಬೇಗ ಹಣವಾಗಬಲ್ಲ ಆಸ್ತಿ ಟ್ರ್ಯಾಕ್ಟರೊಂದೇ. ಕಂತು ತಪ್ಪಿದ್ದನ್ನು ಫೈನಾನ್ಸಿನವರು ಎಳೆದೊಯ್ದು ಹರಾಜಿಗೆ ಇಡುವ ಸೀಜಿಂಗ್ ಗಾಡಿಗಳದೂ ಇದೇ ಕಥೆ. ಇಂಥ ಮಾರಾಟದಲ್ಲಿ ಮಾರುವವನಿಗೆ ಕಾಯುವ ಶಕ್ತಿ ಇರುವುದಿಲ್ಲ. ಒಂದು ಊರಿನಲ್ಲಿ ಇಂಥ ನಾಲ್ಕು ಮಾರಾಟವಾದರೆ ಐದನೆಯವನು, ಅವನಿಗೆ ಯಾವ ತುರ್ತೂ ಇಲ್ಲದಿದ್ದರೂ, ಅದೇ ದರವನ್ನು ಕೇಳಬೇಕಾಗುತ್ತದೆ.

ಇನ್ನು ಟನ್ನಿನ ದರ. ಕಬ್ಬಿಗೆ ಬೆಲೆ ಬಂದರೆ ಟ್ರ್ಯಾಕ್ಟರಿಗೂ ಬೆಲೆ ಬರುತ್ತದೆ ಎಂಬುದು ಗಂಭೀರವಾದ ಆಕ್ಷೇಪ. 2025ರ ನವೆಂಬರ್ ಮೊದಲ ವಾರದಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತದ್ದು, ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಬಳಿ ಹೆದ್ದಾರಿ ತಡೆದದ್ದು, ಕೊನೆಗೆ ಸರ್ಕಾರ ತನ್ನ ಪಾಲಿನ 50 ರೂಪಾಯಿ ಸೇರಿಸಿ 3,300ಕ್ಕೆ ಒಪ್ಪಂದ ಮಾಡಿಸಿದ್ದು ಇತ್ತೀಚಿನ ಚರಿತ್ರೆ. ಕಬ್ಬಿನ ಬೆಲೆ ಹೀಗೆ ಏರುವಾಗ ಸಾಗಣೆಯ ದರವೂ ಏರಬೇಡವೇ? ಏರದಿರುವ ಸಾಧ್ಯತೆಯೇ ಹೆಚ್ಚು. ಕೇಂದ್ರ ಪ್ರಕಟಿಸುವ ಎಫ್‌ಆರ್‌ಪಿ, 2025-26ಕ್ಕೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಕಾರ್ಖಾನೆಯ ಬಾಗಿಲಲ್ಲಿನ ಬೆಲೆ. ಕಟಾವು ಮತ್ತು ಸಾಗಣೆಯ ಖರ್ಚನ್ನು ಕಾರ್ಖಾನೆ ಅದರಿಂದ ಮುರಿದುಕೊಳ್ಳುತ್ತದೆ. ಅಂದರೆ ರೈತನ ಕೈಗೆ ಬರುವ ಹಣ ಮತ್ತು ಟ್ರ್ಯಾಕ್ಟರಿನವನ ಕೈಗೆ ಬರುವ ಹಣ ಒಂದೇ ಗಂಟಿನವು. ಗುರ್ಲಾಪುರದಲ್ಲಿ ರೈತ ತನ್ನ ಪಾಲನ್ನು ಹಿಗ್ಗಿಸಿಕೊಂಡ. ಕಾರ್ಖಾನೆಯ ಆದಾಯ ಅದೇ ವೇಗದಲ್ಲಿ ಹಿಗ್ಗಿಲ್ಲ: ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಆದದ್ದು ಗುರ್ಲಾಪುರದ ಹೋರಾಟದ ಹೊತ್ತಿಗೂ ಅಲ್ಲೇ ನಿಂತಿತ್ತು. ಒತ್ತಡಕ್ಕೆ ಸಿಕ್ಕ ಕಾರ್ಖಾನೆ ಮೊದಲು ಬಿಗಿ ಹಿಡಿಯುವುದು ಸಂಘಟನೆ ಇಲ್ಲದವರ ದರವನ್ನು. ಕಬ್ಬು ಬೆಳೆಗಾರರಿಗೆ ಸಂಘಗಳಿವೆ, ಧ್ವಜಗಳಿವೆ, ಮಠಾಧೀಶರ ಬೆಂಬಲವೂ ಸಿಗುತ್ತದೆ. ಟ್ರ್ಯಾಕ್ಟರ್ ಮಾಲೀಕ ಬೆಳೆಗಾರನೂ ಆಗಿರುವುದರಿಂದ ತನ್ನ ಸಾಗಣೆಯ ದರಕ್ಕಾಗಿ ತನ್ನ ವಿರುದ್ಧವೇ ಧರಣಿ ಕೂರಬೇಕಾದ ವಿಚಿತ್ರ ಸ್ಥಿತಿಯಲ್ಲಿದ್ದಾನೆ. ಅದೇ ನವೆಂಬರಿನಲ್ಲಿ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರೇಲರುಗಳಿಗೆ ಬೆಂಕಿ ಬಿದ್ದಾಗ ಸುಟ್ಟದ್ದು ಕಾರ್ಖಾನೆಯ ಆಸ್ತಿಯಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಹೋರಾಟದ ದಿನಗಳ ನಷ್ಟವೂ ಟ್ರ್ಯಾಕ್ಟರಿನ ಆದಾಯದಿಂದಲೇ ಕಳೆಯುತ್ತದೆ.

ಎರಡನೆಯ ಆಕ್ಷೇಪ ಹೊಗೆಯ ನಿಯಮಗಳದ್ದು. 50 ಎಚ್.ಪಿ.ಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ನಿಯಮ 2023ರ ಜನವರಿ 1ರಿಂದ ಬಂದಾಗ ಅವುಗಳ ಬೆಲೆ ಏರಿತು. ಕಂಪನಿಗಳು 49 ಎಚ್.ಪಿ. ಮಾದರಿಗಳ ಮೊರೆಹೋದದ್ದು ಆ ಗೆರೆಯನ್ನು ತಪ್ಪಿಸಿಕೊಳ್ಳಲು. ಮುಂದಿನ ಹಂತದ ನಿಯಮ ಈ ಗೆರೆಯ ಕೆಳಗೂ ಇಳಿದಾಗ ಹೊಸದು ದುಬಾರಿಯಾಗಿ ಹಳೆಯದಕ್ಕೆ ಬೆಲೆ ಬರುತ್ತದೆ ಎಂಬುದು ವಾದ. ಇದರಲ್ಲಿ ನಿಜವಿದೆ. ಸೆನ್ಸರು, ಫಿಲ್ಟರುಗಳ ಜಂಜಾಟವಿಲ್ಲದ, ಊರಿನ ಮಿಸ್ತ್ರಿಯೇ ಬಿಚ್ಚಿ ಕಟ್ಟಬಲ್ಲ ಹಳೆಯ ಎಂಜಿನ್ನಿನ ಮೇಲೆ ರೈತನಿಗೆ ಪ್ರೀತಿಯೂ ಇದೆ. ಆದರೆ ನಿಯಮ ಬರುವ ಮುನ್ನ ಏನಾಗುತ್ತದೆ ಎಂಬುದನ್ನು ಈ ವಾದ ಮರೆಯುತ್ತದೆ. ಬೆಲೆ ಏರುವ ಗಡುವು ಗೊತ್ತಾದೊಡನೆ ಡೀಲರುಗಳು ಹಳೆಯ ಮಾದರಿಗಳನ್ನು ಮುಂಚಿತವಾಗಿ ಮಾರಿಬಿಡುತ್ತಾರೆ, ಕೊಳ್ಳುವವರೂ ಅವಸರಪಡುತ್ತಾರೆ. ಗಡುವು ಮುಂದಕ್ಕೆ ಹೋದಷ್ಟೂ ಆ ಮಾರಾಟ ಮುಂದುವರಿಯುತ್ತದೆ. ಹೀಗೆ ಬೆಲೆ ಏರಿಸಬೇಕಾದ ನಿಯಮವೇ ಮೊದಲು ಯಾರ್ಡಿನ ಪಾಳಿಗೆ ಇನ್ನಷ್ಟು ಟ್ರ್ಯಾಕ್ಟರುಗಳನ್ನು ತಂದು ನಿಲ್ಲಿಸುತ್ತದೆ.

ದುಡಿಮೆ ಕಡಿಮೆಯಾದರೆ ಹೊಸದಾಗಿ ಕೊಳ್ಳುವವರೂ ಹಿಂದೆ ಸರಿಯುತ್ತಾರಲ್ಲ, ಪಾಳಿ ತಾನಾಗಿಯೇ ಸರಿಹೋಗಬೇಕಲ್ಲ ಎಂದು ಅರ್ಥಶಾಸ್ತ್ರದ ವಿದ್ಯಾರ್ಥಿ ಕೇಳಬಹುದು. ಕೊನೆಗೆ ಸರಿಹೋಗುತ್ತದೆ, ಅದಕ್ಕೆ ಹಿಡಿಯುವ ಕಾಲವೇ ಇಲ್ಲಿನ ಪ್ರಶ್ನೆ. ಸ್ವಂತ ಹೊಲದ ಉಳುಮೆಗೆಂದು ಟ್ರ್ಯಾಕ್ಟರ್ ಕೊಂಡವನಿಗೆ ಚಳಿಗಾಲದಲ್ಲಿ ಅದನ್ನು ಸಾಗಣೆಗೆ ಹಚ್ಚಲು ಬೇಕಾದದ್ದು ಟ್ರೇಲರು ಮಾತ್ರ. ಅವನು ಸಾಗಣೆಯನ್ನೇ ನಂಬಿದವನಿಗಿಂತ ಕಡಿಮೆ ಆದಾಯಕ್ಕೂ ಒಪ್ಪುತ್ತಾನೆ. ಎತ್ತುಗಳು ಹೋದ ಮೇಲೆ ನಾಲ್ಕು ಎಕರೆಯವನಿಗೂ ಟ್ರ್ಯಾಕ್ಟರು ಬೇಕಾಗಿದೆ, ಸಾಲವೂ ಸುಲಭವಾಗಿ ಸಿಗುತ್ತದೆ. ಈ ಸಣ್ಣ ಹಿಡುವಳಿದಾರನೇ ಹಳೆಯ ಟ್ರ್ಯಾಕ್ಟರಿನ ಗಿರಾಕಿಯೂ ಹೌದು, ಆದ್ದರಿಂದ ಬೆಲೆಗೆ ಅವನೇ ತಳ ಹಾಕುತ್ತಾನೆ ಎಂಬುದನ್ನು ಒಪ್ಪಬೇಕು. ಆದರೆ ಅವನು ಹುಡುಕುವುದು ಹೈಡ್ರಾಲಿಕ್ಸ್ ಗಟ್ಟಿ ಇರುವ, ಹೊಲದಲ್ಲಿ ದುಡಿದ ಟ್ರ್ಯಾಕ್ಟರನ್ನು. ಡಬಲ್ ಟ್ರೇಲರ್ ಎಳೆದದ್ದರ ಕ್ಲಚ್ಚು, ಬ್ರೇಕು, ಗೇರ್‌ಬಾಕ್ಸು ಸವೆದಿರುತ್ತವೆ. ಕಟಾವಿನ ಯಂತ್ರಗಳು ಹೆಚ್ಚಿದರೆ ಅವುಗಳ ಪಕ್ಕ ಹೊಲದೊಳಗೆ ಓಡಲು ಟ್ರ್ಯಾಕ್ಟರು ಬೇಕು ಎಂಬ ಮಾತೂ ಇದೆ. ಅಲ್ಲಿ ಬೇಕಾಗುವುದು ಹೆಚ್ಚು ಶಕ್ತಿಯ, ಹೊಸದಾದ ಕೆಲವೇ ಟ್ರ್ಯಾಕ್ಟರುಗಳು.

ಮಾರುಕಟ್ಟೆಯ ಸ್ವರೂಪವೂ ಇಳಿಕೆಯ ಕಡೆಗೇ ವಾಲುತ್ತದೆ. ಜಾರ್ಜ್ ಅಕರ್ಲೋಫ್ 1970ರ ತಮ್ಮ ಪ್ರಬಂಧದಲ್ಲಿ ತೋರಿಸಿದಂತೆ, ದೋಷ ಮಾರುವವನಿಗೆ ಮಾತ್ರ ಗೊತ್ತಿದ್ದರೆ ಒಳ್ಳೆಯ ವಾಹನಗಳು ಮಾರುಕಟ್ಟೆಗೇ ಬರುವುದಿಲ್ಲ. ಗೋಕಾಕ, ಮೂಡಲಗಿಯಂಥ ಕಡೆ ಈ ಕೊರತೆಯನ್ನು ಪರಿಚಯ ತುಂಬುತ್ತದೆ: ಯಾವ ಟ್ರ್ಯಾಕ್ಟರು ಯಾರದು, ಯಾವ ಕಾರ್ಖಾನೆಗೆ ಎಷ್ಟು ವರ್ಷ ಓಡಿತು ಎಂಬುದು ಊರಿಗೇ ಗೊತ್ತು. ಅದರ ಪರಿಣಾಮವಾಗಿ ಸಾಗಣೆಗೆ ಓಡಿದ್ದನ್ನು ಹೊಲದ್ದೆಂದು ಮಾರುವುದು ಕಷ್ಟ, ದರದ ಅಂತರ ಹೆಚ್ಚುತ್ತದೆ. ಹುಕ್ಕೇರಿ, ಸಂಕೇಶ್ವರದ ಕಡೆ ಮಹಾರಾಷ್ಟ್ರ ಪಾಸಿಂಗಿನ ಗಾಡಿಗಳೂ ಬರುವುದರಿಂದ ಈ ಪರಿಚಯ ತೆಳುವು. ಅಲ್ಲಿ ನಿರಾಕ್ಷೇಪಣ ಪತ್ರ, ವಿಮೆ, ಆರ್‌ಸಿ ಸರಿಯಿದ್ದ ಟ್ರ್ಯಾಕ್ಟರಿಗೆ ಯಂತ್ರದ ಸ್ಥಿತಿಯಷ್ಟೇ ಬೆಲೆ. 2025ರ ಜನವರಿಯಿಂದ ನೋಂದಾಯಿತ ವ್ಯಾಪಾರಿ ಹಳೆಯ ವಾಹನದ ಲಾಭಾಂಶದ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು. ರೈತ ರೈತನಿಗೆ ಮಾರಿದರೆ ಈ ತೆರಿಗೆ ಇಲ್ಲ. ಆದ್ದರಿಂದ ವ್ಯಾಪಾರಿ ತೆರಿಗೆಯ ಭಾರವನ್ನು ಮಾರುವವನ ದರದಲ್ಲೇ ಮುರಿದುಕೊಳ್ಳಲು ನೋಡುತ್ತಾನೆ. ಹತ್ತು ವರ್ಷದ ಟ್ರ್ಯಾಕ್ಟರನ್ನು ಗುಜರಿಗೆ ಹಾಕಲೇಬೇಕು ಎಂಬ ವದಂತಿಯನ್ನೂ ದಲ್ಲಾಳಿಗಳು ಆಗಾಗ ಬಳಸುತ್ತಾರೆ. ಅದು ಸುಳ್ಳು. ಕೃಷಿ ಟ್ರ್ಯಾಕ್ಟರಿನ ನೋಂದಣಿ ಮೊದಲು 15 ವರ್ಷಕ್ಕೆ, ಬಳಿಕ ಐದೈದು ವರ್ಷಕ್ಕೆ ನವೀಕರಣ.

ಈ ವಾದ ತಪ್ಪಾಗುವುದು ಒಂದೇ ಕಡೆ: ಕಾರ್ಖಾನೆಗಳು ಸಾಗಣೆಯ ದರವನ್ನು ಡೀಸೆಲ್ ಮತ್ತು ಪಗಾರದ ಏರಿಕೆಗಿಂತ ಹೆಚ್ಚಾಗಿ ಏರಿಸಿದರೆ. ಹಾಗಾಗದಿದ್ದರೆ ಕಡಿಮೆ ದುಡಿದ, ಕಾಗದ ಸರಿಯಿರುವ, 50 ಎಚ್.ಪಿ.ಗಿಂತ ಕೆಳಗಿನ ಹೊಲದ ಟ್ರ್ಯಾಕ್ಟರು ತನ್ನ ಬೆಲೆಯನ್ನು ಹೆಚ್ಚುಕಡಿಮೆ ಉಳಿಸಿಕೊಳ್ಳುತ್ತದೆ, ಸಾಗಣೆಯದು ಇಳಿಯುತ್ತದೆ. ವರ್ಷದೊಳಗಿನ ಏರಿಳಿತ ಇದರ ಮೇಲೆ ಎಂದಿನಂತೆ ನಡೆಯುತ್ತದೆ: ಹಂಗಾಮಿನ ಮುಂದೆ ದಸರೆ, ದೀಪಾವಳಿಯ ಹೊತ್ತಿಗೆ ಗಿರಾಕಿ ಹೆಚ್ಚು, ಕಾರ್ಖಾನೆ ನಿಂತು ಕಂತಿನ ದಿನ ಬರುವ ಯುಗಾದಿಯ ನಂತರ ಮಾರುವವರು ಹೆಚ್ಚು. ಸಾಗಣೆಯ ಟ್ರ್ಯಾಕ್ಟರನ್ನು ಮಾರಲು ಇಚ್ಛಿಸುವವರು ಇನ್ನೊಂದು ಹಂಗಾಮು ನೋಡೋಣ ಎನ್ನದೆ ಬರುವ ದಸರೆಗೆ ಮುನ್ನ ಮಾರಲಿ; ಕೊಳ್ಳುವವರು ಯುಗಾದಿ ದಾಟುವವರೆಗೆ ಕಾಯಲಿ, ಮತ್ತು ಕೊಳ್ಳುವ ಮೊದಲು ಅದು ಯಾವ ಕಾರ್ಖಾನೆಯ ಪಾಳಿಯಲ್ಲಿ ಎಷ್ಟು ವರ್ಷ ನಿಂತಿತ್ತು ಎಂದು ವಿಚಾರಿಸಲಿ.